ಅರವತ್ತು ದಾಟಿದವರ ಎಚ್‌ಐವಿ ಚಿಕಿತ್ಸೆ: ದಿನಕ್ಕೊಂದು ಮಾತ್ರೆಯೋ, ಎರಡು ತಿಂಗಳಿಗೊಮ್ಮೆ ಚುಚ್ಚುಮದ್ದೋ?

ವೈರಸ್ ಒಮ್ಮೆ ಹತೋಟಿಗೆ ಬಂದ ಮೇಲೆ ಅದನ್ನು ಹಾಗೇ ಉಳಿಸುವುದರಲ್ಲಿ ಎರಡೂ ಸಮ. ವಯಸ್ಸಾದವರಿಗೆ ವ್ಯತ್ಯಾಸ ಗೊತ್ತಾಗುವುದು ಉಳಿದ ಔಷಧಿಗಳ ಜೊತೆ. ದಿನಕ್ಕೊಂದು ನುಂಗುವ ಡೊಲುಟೆಗ್ರಾವಿರ್ ಮಾತ್ರೆಯನ್ನು, ಎದೆಯುರಿಗೆ ತೆಗೆದುಕೊಳ್ಳುವ ಆಂಟಾಸಿಡ್‌ಗಿಂತ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಾದರೆ ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು, ಅದರ ಪ್ರಮಾಣ ಇಳಿಸಬೇಕಾಗಬಹುದು.

ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್–ರಿಲ್ಪಿವಿರಿನ್ ಚುಚ್ಚುಮದ್ದಿಗೆ ಆಂಟಾಸಿಡ್ ತಕರಾರಿಲ್ಲ, ದಿನವೂ ನೆನಪಿಡುವ ಕಷ್ಟವೂ ಇಲ್ಲ. ಮನೆಯವರಿಂದ ಮಾತ್ರೆ ಡಬ್ಬಿ ಬಚ್ಚಿಡುತ್ತಾ ಬಂದವರಿಗೆ ಇದೆಷ್ಟು ದೊಡ್ಡ ನೆಮ್ಮದಿ! ಆದರೆ ಪ್ರತಿ ಸಲ ಎರಡು ಸೂಜಿ, ಪೃಷ್ಠದಲ್ಲಿ ಕೆಲವು ದಿನ ನೋವು. ಹೆಪಟೈಟಿಸ್ ಬಿ (ಯಕೃತ್ತಿನ ವೈರಸ್ ಸೋಂಕು) ಕೂಡ ಇದ್ದರೆ ಈ ಚುಚ್ಚುಮದ್ದಷ್ಟೇ ಸಾಲದು. ಕ್ಲಿನಿಕ್‌ಗೆ ತಪ್ಪದೆ ಕರೆದೊಯ್ಯುವವರು ಇಲ್ಲದಿದ್ದರೆ ನಾನಂತೂ ಮಾತ್ರೆಯೇ ವಾಸಿ ಎನ್ನುತ್ತೇನೆ.