ಸಯನೋಟೈಪ್‌ಗೆ ಯಾವ ನೆಗೆಟಿವ್? ಟೋನರ್ ಶೀಟ್, ಇಂಕ್‌ಜೆಟ್ ಫಿಲ್ಮ್, ಎಣ್ಣೆ ಕಾಗದ

ರಾಸಾಯನಿಕ ಹಚ್ಚಿದ ಕಾಗದದ ಮೇಲೆ ನೆಗೆಟಿವ್ (ಕಪ್ಪು-ಬಿಳುಪು ಅದಲುಬದಲಾದ ಚಿತ್ರದ ಹಾಳೆ) ಇಟ್ಟು, ಬಿಸಿಲಿಗೊಡ್ಡಿ, ತೊಳೆದು ನೀಲಿ ಚಿತ್ರ ಪಡೆಯುವುದೇ ಸಯನೋಟೈಪ್. ಮೊದಲ ಸಯನೋಟೈಪ್ ಕೆಟ್ಟರೆ ಎಲ್ಲರೂ ಬೈಯುವುದು ರಾಸಾಯನಿಕವನ್ನು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಕೊಂಡ ಈ ವಿಧಾನ ಪಾಪ, ಸುಲಭಕ್ಕೆ ಕೈಕೊಡುವುದಿಲ್ಲ. ಕೈಕೊಡುವುದು ಹೆಚ್ಚಾಗಿ ನೆಗೆಟಿವ್. ಅದಕ್ಕೇ ನೆಗೆಟಿವ್ ಒಂದನ್ನೇ ಬದಲಿಸಿ ನೋಡಿದೆವು.

ದ್ರಾವಣ ಎಲ್ಲಕ್ಕೂ ಒಂದೇ: 100 ಮಿ.ಲೀ. ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್, ಬೇರೆ ಬಾಟಲಿಯಲ್ಲಿ 100 ಮಿ.ಲೀ.ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಹಚ್ಚುವ ಹೊತ್ತಿಗೆ ಸಮಸಮ ಬೆರೆಸಿ, ಎ5 ಜಲವರ್ಣ ಕಾಗದಕ್ಕೆ ಸುಮಾರು ಒಂದೂವರೆ ಮಿ.ಲೀ. ಕತ್ತಲಲ್ಲಿ ಒಣಗಿಸಿ, ಮಧ್ಯಾಹ್ನದ ಬಿಸಿಲು.

ಟೋನರ್ ಶೀಟ್ ಎಂದರೆ ಜೆರಾಕ್ಸ್ ಅಂಗಡಿಯಲ್ಲಿ ಟೋನರ್ ಪುಡಿಯಿಂದ ಪ್ರಿಂಟ್ ತೆಗೆದ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ). ಅಗ್ಗ, ಐದು ನಿಮಿಷದ ಕೆಲಸ. ಆದರೆ ಬೆಳಕಿಗೆ ಹಿಡಿದು ನೋಡಿ: ಕಪ್ಪು ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು. ಟೋನರ್ ತೆಳುವಾಗಿ ಕೂರುವುದರಿಂದ ಬೆಳ್ಳಗಿರಬೇಕಾದ ಆಕಾಶಕ್ಕೆ ನೀಲಿ ಇಳಿಯುತ್ತದೆ. ಎರಡು ಶೀಟ್ ಜೋಡಿಸಿದರೆ ದಟ್ಟವಾಗುತ್ತದೆ, ಆದರೆ ಕೂದಲೆಳೆ ಸರಿದರೂ ಅಂಚು ಇಬ್ಬಗೆಯಾಗುತ್ತದೆ. ರಂಗೋಲಿ, ಅಕ್ಷರ, ರೇಖಾಚಿತ್ರಕ್ಕೆ ಸಾಕು, ಮುಖಕ್ಕೆ ಬೇಡ.

ಇಂಕ್‌ಜೆಟ್ ಫಿಲ್ಮ್‌ನ ಗುಣವೇ ಬೇರೆ. ಒದ್ದೆ ಬೆರಳಿಗೆ ಅಂಟುವ ಬದಿ ಲೇಪನದ್ದು; ಪ್ರಿಂಟ್ ಅದರ ಮೇಲೆಯೇ. ಚಿತ್ರವನ್ನು ಇನ್ವರ್ಟ್ ಮಾಡಿ (ಕಪ್ಪು-ಬಿಳುಪು ಅದಲುಬದಲಿಸಿ), ಎಡಬಲ ಮಗುಚಿ, ಗ್ಲಾಸಿ ಫೋಟೋ ಪೇಪರ್ ಸೆಟ್ಟಿಂಗ್‌ನಲ್ಲಿ ತೆಗೆದು, ಇಂಕ್ ಬದಿಯನ್ನೇ ದ್ರಾವಣಕ್ಕೆ ತಾಗಿಸಿ. ಕಾಗದದಲ್ಲಿ ಚೂರು ತೇವ ಉಳಿದಿದ್ದರೂ ಲೇಪನ ಕರಗಿ ಅಂಟಿಕೊಳ್ಳುತ್ತದೆ, ನೆಗೆಟಿವ್ ಕೈಬಿಟ್ಟಿತೆಂದೇ ಲೆಕ್ಕ. ಮಳೆಗಾಲದಲ್ಲಿ ಹೇರ್ ಡ್ರೈಯರ್ ತಪ್ಪಿಸಬೇಡಿ. ಇಲ್ಲಿಯ ತೊಂದರೆ ಟೋನರ್‌ನದಕ್ಕೆ ಉಲ್ಟಾ: ಇಂಕ್ ವಿಪರೀತ ದಟ್ಟ, ಸಯನೋಟೈಪ್ ಹಿಡಿಯುವ ಛಾಯೆಗಳ ಹರವು ಚಿಕ್ಕದು, ತಿಳಿ ಛಾಯೆಗಳೆಲ್ಲ ಕೋರಾ ಕಾಗದವಾಗುತ್ತವೆ. ಕರ್ವ್ (ಫೋಟೋ ಸಾಫ್ಟ್‌ವೇರ್‌ನಲ್ಲಿ ಛಾಯೆಗಳನ್ನು ಏರಿಳಿಸುವ ಗೆರೆ) ತಿದ್ದಲೇಬೇಕು. ಬಿಳಿಯಿಂದ ಕಪ್ಪಿನವರೆಗೆ ಶೇ. 5ರ ಅಂತರದ 21 ಮೆಟ್ಟಿಲುಗಳ ಪಟ್ಟಿ ಪ್ರಿಂಟ್ ಮಾಡಿ, ಎಲ್ಲಿ ಮೆಟ್ಟಿಲುಗಳು ಒಂದಾಗುತ್ತವೆ ನೋಡಿ, ಅಲ್ಲಿ ಇಂಕ್ ಇಳಿಸಿ. ಲೇಸರ್ ಯಂತ್ರಕ್ಕೆ ಮಾತ್ರ ಈ ಫಿಲ್ಮ್ ಹಾಕಬೇಡಿ, ಬಿಸಿಗೆ ಕರಗುತ್ತದೆ.

ಎಣ್ಣೆ ಕಾಗದವನ್ನು ಜನ ಸುಮ್ಮನೆ ಕಡೆಗಣಿಸುತ್ತಾರೆ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದದ್ದೂ ಕಾಗದದ ನೆಗೆಟಿವ್ ಮೇಲೆಯೇ. 75 ಜಿಎಸ್‌ಎಂ ಕಾಗದದಲ್ಲಿ ಪ್ರಿಂಟ್ ತೆಗೆದು, ಹಿಂಬದಿಗೆ ಕೊಬ್ಬರಿ ಎಣ್ಣೆ ಸವರಿ, ಜಿಡ್ಡು ಕೈಗೆ ಹತ್ತದಷ್ಟು ಒರೆಸಿ. ಚಳಿಯ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿ ಕಾಗದ ಮಬ್ಬಾದರೆ ಬಿಸಿ ತೋರಿಸಿದರೆ ಆಯಿತು. ಮಧ್ಯೆ ತೆಳು ಪಾರದರ್ಶಕ ಹಾಳೆ ಇಡದಿದ್ದರೆ ಎಣ್ಣೆಯ ಕಲೆ ಖಂಡಿತ. ಬಿಸಿಲಲ್ಲಿ ಫಿಲ್ಮ್‌ಗೆ ಎಂಟು ನಿಮಿಷವಾದರೆ ಇದಕ್ಕೆ ಇಪ್ಪತ್ತೈದು ಹಿಡಿಯಿತು. ಫಳಫಳ ಬಿಳಿಯ ಕಾಗದದಲ್ಲಿರುವ ಹೊಳಪುಕಾರಕವೂ ಅಲ್ಟ್ರಾವೈಲೆಟ್ ನುಂಗುತ್ತದೆ. ಆದರೆ ಪ್ರಿಂಟರ್‌ನ ಚುಕ್ಕಿಗಳು ನಾರಿನೊಳಗೆ ಮಸುಕಾಗಿ ಮುಖದ ಛಾಯೆ ಮೃದುವಾಗಿ ಬರುತ್ತದೆ. ಹೊಸಬರಿಗೆ ನಮ್ಮ ಮತ ಟೋನರ್ ಶೀಟ್‌ಗಲ್ಲ, ಇದಕ್ಕೇ. ಕರ್ವ್ ಜೊತೆ ಗುದ್ದಾಡುವ ತಾಳ್ಮೆ ಬಂದ ಮೇಲೆ ಫಿಲ್ಮ್ ಕೊಳ್ಳಿ.

ಯಾವುದೇ ನೆಗೆಟಿವ್ ಆದರೂ ಬಿಸಿಲಿಗೊಡ್ಡುವ ಮೂಲ ಸಮಯವನ್ನು ಮೊದಲು ಹುಡುಕಿ: ದ್ರಾವಣ ಹಚ್ಚಿದ ಪಟ್ಟಿಯ ಅರ್ಧಕ್ಕೆ ಖಾಲಿ ಫಿಲ್ಮ್ ಅಥವಾ ಖಾಲಿ ಎಣ್ಣೆ ಕಾಗದ ಮುಚ್ಚಿ, ಎರಡೆರಡು ನಿಮಿಷ ಏರಿಸುತ್ತ ಬಿಸಿಲಿಗೊಡ್ಡಿ, ತೊಳೆದು ಒಣಗಿಸಿ. ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ನೀಲಿಯಲ್ಲಿ ವ್ಯತ್ಯಾಸ ಕಾಣದಾಗುವ ಮೊದಲ ಮೆಟ್ಟಿಲೇ ನಿಮ್ಮ ಸಮಯ. ತೊಳೆಯುವಾಗ ಬೋರ್‌ವೆಲ್ ನೀರಾದರೆ ಮೊದಲ ತಟ್ಟೆಗೆ ಒಂದು ಚಮಚ ವಿನಿಗರ್ ಹಾಕಿ. ಕ್ಷಾರಕ್ಕೆ ನೀಲಿ ಬಿಳಿಚುತ್ತದೆ, ತಪ್ಪು ಮತ್ತೆ ನೆಗೆಟಿವ್ ತಲೆಗೆ ಬರುತ್ತದೆ.