ಇನ್ಸಾಮ್ನಿಯಾ ಕೋಚ್: ದುಡ್ಡಿಲ್ಲದೆ ಸಿಗುವ ನಿದ್ದೆಯ ಆ್ಯಪ್ ಯಾರಿಗೆ ಬೇಕು, ಯಾರಿಗೆ ಬೇಡ

ನಿದ್ದೆಯ ಹೆಸರು ಹೊತ್ತ ಆ್ಯಪ್‌ಗಳಲ್ಲಿ ಹೆಚ್ಚಿನವು ಮಳೆಯ ಸದ್ದು ಕೇಳಿಸುತ್ತವೆ, ಇಲ್ಲವೇ ಗೊರಕೆ ರೆಕಾರ್ಡ್ ಮಾಡುತ್ತವೆ. ಕೆಲವು ದಿನ ಕಳೆದ ಮೇಲೆ ಚಂದಾ ಕೇಳುತ್ತವೆ. ಇನ್ಸಾಮ್ನಿಯಾ ಕೋಚ್ ಆ ಸಾಲಿಗೆ ಸೇರಿದ್ದಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆ ತನ್ನ ಜನಕ್ಕಾಗಿ ಮಾಡಿಸಿದ ಆ್ಯಪ್ ಇದು, ಆದರೆ ಯಾರು ಬೇಕಾದರೂ ಬಳಸಬಹುದು. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಇದೆ. ಬೆಲೆ ಇಲ್ಲ, ಜಾಹೀರಾತು ಇಲ್ಲ, ಖಾತೆ ತೆರೆಯಬೇಕಿಲ್ಲ. ನೀವು ಬರೆದದ್ದು ನಿಮ್ಮ ಫೋನ್‌ನಲ್ಲೇ ಉಳಿಯುತ್ತದೆ.

ಒಳಗೆ ಇರುವುದು ಐದು ವಾರಗಳ ತರಬೇತಿ, ದಿನವೂ ತುಂಬಬೇಕಾದ ನಿದ್ದೆಯ ಡೈರಿ, ಆ ಡೈರಿ ನೋಡಿ ಸಲಹೆ ಕೊಡುವ ಒಬ್ಬ ‘ಕೋಚ್’, ಜೊತೆಗೆ ಉಸಿರಾಟ, ಮೈ ಸಡಿಲಿಸುವುದು ಮುಂತಾದ ಅಭ್ಯಾಸಗಳು. ಇದರ ಬುಡದಲ್ಲಿರುವುದು ಸಿಬಿಟಿ-ಐ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಫಾರ್ ಇನ್ಸಾಮ್ನಿಯಾ) ಎಂಬ ಚಿಕಿತ್ಸೆ, ಅಂದರೆ ಮಾತ್ರೆಯಿಲ್ಲದೆ ಅಭ್ಯಾಸ, ಯೋಚನೆಗಳನ್ನು ಬದಲಿಸಿ ನಿದ್ರಾಹೀನತೆ ನೀಗಿಸುವುದು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಎಂದು ಅಲ್ಲಿನ ವೈದ್ಯರ ಸಂಸ್ಥೆ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ಇದೇ ಇಲಾಖೆಯ ಹಳೆಯ ಆ್ಯಪ್ ಸಿಬಿಟಿ-ಐ ಕೋಚ್ ಕೂಡ ಇದೆ. ಅದು ಚಿಕಿತ್ಸಕರ ಬಳಿ ಹೋಗುತ್ತಿರುವವರಿಗೆ ಸಹಾಯಕ. ಇನ್ಸಾಮ್ನಿಯಾ ಕೋಚ್ ತಾವಾಗಿಯೇ ಮಾಡಿಕೊಳ್ಳುವವರಿಗೆ. ಎರಡರಲ್ಲಿ ಯಾವುದನ್ನು ಹಾಕಿಕೊಳ್ಳಬೇಕು ಎಂಬ ಗೊಂದಲ ಬೇಡ: ವೈದ್ಯರು ಜೊತೆಗಿದ್ದರೆ ಹಳೆಯದು, ಇಲ್ಲದಿದ್ದರೆ ಇದು.

ಆದರೆ ಮೊದಲು ನಿಮಗಿರುವುದು ನಿದ್ರಾಹೀನತೆಯೇ ಎಂದು ನೋಡಿಕೊಳ್ಳಿ. ಮಲಗಲು ಸಮಯವಿದ್ದೂ ನಿದ್ದೆ ಬರುವುದಿಲ್ಲ, ಅಥವಾ ನಡುವೆ ಎಚ್ಚರವಾಗಿ ಮತ್ತೆ ಹತ್ತುವುದಿಲ್ಲ, ಇದು ವಾರಕ್ಕೆ 3 ರಾತ್ರಿಯಾದರೂ, 3 ತಿಂಗಳಿಂದ ನಡೆದಿದೆ, ಹಗಲಿನ ಕೆಲಸ ಕೆಡುತ್ತಿದೆ: ಇದಕ್ಕೆ ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ರಾತ್ರಿ ಒಂದಕ್ಕೆ ಮಲಗಿ ಆರಕ್ಕೆ ಕಾಲೇಜ್ ಬಸ್ಸಿಗೆ ಏಳುವ ಹುಡುಗನಿಗೆ ಇರುವುದು ಸಮಯದ ಕೊರತೆ. ಅವನು ದಿಂಬಿಗೆ ತಲೆ ಕೊಟ್ಟ ಎರಡೇ ನಿಮಿಷಕ್ಕೆ ನಿದ್ದೆ ಹೋಗುತ್ತಾನೆ. ಅವನಿಗೆ ಈ ಆ್ಯಪ್‌ನಿಂದ ಏನೂ ಆಗದು, ಬೇಗ ಮಲಗುವುದೊಂದೇ ದಾರಿ. ವಯಸ್ಕರಿಗೆ ದಿನಕ್ಕೆ 7 ಗಂಟೆ ಅಥವಾ ಅದಕ್ಕಿಂತ ಹೆಚ್ಚು, 13ರಿಂದ 18ರ ಮಕ್ಕಳಿಗೆ 8ರಿಂದ 10, 6ರಿಂದ 12ರವರಿಗೆ 9ರಿಂದ 12 ಗಂಟೆ ಬೇಕು ಎಂಬುದು ನಿದ್ರಾ ವೈದ್ಯರ ಒಮ್ಮತ. ಪಿಯುಸಿ ಓದುವವರ ಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ಅಲಾರಂ ಇಡುವ ಮೊದಲು ಈ ಅಂಕಿ ಒಮ್ಮೆ ನೋಡಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಹಿರಿಯರದು. ಎಂಟೂವರೆಗೆ ಮಲಗಿ ಮೂರಕ್ಕೆ ಎದ್ದು, ‘ನನಗೆ ನಿದ್ದೆಯೇ ಇಲ್ಲ’ ಎನ್ನುವ ತಾತ ರಾತ್ರಿ ಆರೂವರೆ ಗಂಟೆ ಮಲಗಿದ್ದಾರೆ, ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ. ಒಟ್ಟು ಏಳೂವರೆ. 65 ದಾಟಿದವರಿಗೆ 7ರಿಂದ 8 ಗಂಟೆ ಸಾಕು. ಅಲ್ಲಿ ಬೇಕಿರುವುದು ಮಲಗುವ ಹೊತ್ತನ್ನು ಹತ್ತಕ್ಕೆ ಸರಿಸುವುದು. ಮಾತ್ರೆ ಅಲ್ಲ.

ಡೈರಿಯೇ ಇದರ ಜೀವ. ಅದು ಕೆಟ್ಟರೆ ಉಳಿದ ಸಲಹೆಗಳೆಲ್ಲ ಕೆಡುತ್ತವೆ. ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ ತುಂಬಿ. ಹಾಸಿಗೆಗೆ ಹೋದದ್ದು ಎಷ್ಟಕ್ಕೆ, ನಿದ್ದೆ ಮಾಡಲು ಕಣ್ಣು ಮುಚ್ಚಿದ್ದು ಎಷ್ಟಕ್ಕೆ, ನಿದ್ದೆ ಹತ್ತಲು ಎಷ್ಟು ನಿಮಿಷ, ನಡುವೆ ಎಷ್ಟು ಸಲ ಎಚ್ಚರ, ಒಟ್ಟು ಎಷ್ಟು ಹೊತ್ತು, ಕೊನೆಯ ಎಚ್ಚರ ಯಾವಾಗ, ಹಾಸಿಗೆ ಬಿಟ್ಟದ್ದು ಯಾವಾಗ. ಇಷ್ಟು ಗೊತ್ತಿದ್ದರೆ ಲೆಕ್ಕ ಸಿಗುತ್ತದೆ. ಹೆಚ್ಚಿನವರು ಎಡವುವುದು ಮೊದಲ ಎರಡರಲ್ಲಿ. ಹತ್ತಕ್ಕೆ ಹಾಸಿಗೆ ಸೇರಿ ಹನ್ನೊಂದರವರೆಗೆ ರೀಲ್ಸ್ ನೋಡಿದವರು ಎರಡಕ್ಕೂ ‘10’ ಎಂದು ಬರೆದರೆ, ನಿದ್ದೆ ಹತ್ತಲು ಒಂದು ಗಂಟೆಗೂ ಹೆಚ್ಚು ಬೇಕಾಯಿತು ಎಂಬ ಸುಳ್ಳು ಚಿತ್ರ ಬರುತ್ತದೆ. ಹಗಲಿನ ಜೊಂಪನ್ನು ಬಿಡುವುದು ಎರಡನೇ ತಪ್ಪು. ಸಂಜೆ ಧಾರಾವಾಹಿಯ ಮುಂದೆ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ತೂಕಡಿಸಿದ್ದು, ಮನೆಗೆ ಬರುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದು, ಎಲ್ಲವೂ ನಿದ್ದೆಯೇ. ಹೊಟ್ಟೆಗೆ ಸಂಜೆ ಬೋಂಡ ಹಾಕಿದರೆ ರಾತ್ರಿ ಊಟ ಸೇರದಿರುವ ಹಾಗೆ, ಸಂಜೆಯ ಜೊಂಪು ರಾತ್ರಿಯ ನಿದ್ದೆಯ ಹಸಿವನ್ನು ಕಸಿದುಕೊಳ್ಳುತ್ತದೆ.

ನಿಮಿಷ ಸರಿಯಾಗಿ ಬರೆಯಬೇಕೆಂದು ರಾತ್ರಿ ಗಡಿಯಾರ ನೋಡಬೇಡಿ. ಅಂದಾಜು ಸಾಕು. ಗಡಿಯಾರ ನೋಡಿದ ಕ್ಷಣ ‘ಇನ್ನು ಮೂರೇ ಗಂಟೆ ಉಳಿದಿದೆ’ ಎಂಬ ಲೆಕ್ಕ ಶುರುವಾಗಿ ಬಂದ ಮಂಪರೂ ಹೋಗುತ್ತದೆ. ಕೈಗೆ ಕಟ್ಟುವ ಬ್ಯಾಂಡ್‌ನ ಅಂಕಿಯನ್ನೂ ಡೈರಿಗೆ ನಕಲು ಮಾಡಬೇಡಿ. ಅಲುಗಾಡದೆ ಎಚ್ಚರವಾಗಿ ಮಲಗಿದ್ದನ್ನು ಬ್ಯಾಂಡ್‌ಗಳು ನಿದ್ದೆ ಎಂದು ಎಣಿಸುವುದು ಸಾಮಾನ್ಯ, ಮತ್ತು ಅಲುಗಾಡದೆ ಎಚ್ಚರವಾಗಿ ಮಲಗುವುದರಲ್ಲಿ ನಿದ್ದೆ ಬಾರದವರು ಪಳಗಿದವರು. ‘ಡೀಪ್ ಸ್ಲೀಪ್ 40 ನಿಮಿಷ’ ಎಂದು ಬೆಳಿಗ್ಗೆ ಓದಿ ದಿನವಿಡೀ ಕೊರಗುವವರಿದ್ದಾರೆ. ಈ ಆ್ಯಪ್ ಅಂಥ ಅಂಕಿ ತೋರಿಸದಿರುವುದು ಒಳ್ಳೆಯದೇ ಆಯಿತು.

ಈಗ ಮುಖ್ಯ ವಿಷಯ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಹೇಳಿ ನಿದ್ದೆ ಬಾರದವರಿಗೆ ‘ಚಿಂತೆ ಬಿಡು’ ಎನ್ನುತ್ತೇವೆ. ಚಿಂತೆ ಶುರುಮಾಡಿದ ನಿದ್ರಾಹೀನತೆಯನ್ನು ಆಮೇಲೆ ಸಾಕುವುದು ಬೇರೆಯೇ ಒಂದು ಅಭ್ಯಾಸ: ಕಳೆದುಹೋದ ನಿದ್ದೆ ತುಂಬಿಸಲು ಬೇಗ ಮಲಗುವುದು, ತಡವಾಗಿ ಏಳುವುದು. ಹಾಸಿಗೆಯ ಹೊತ್ತು ಹಿಗ್ಗಿದಷ್ಟೂ ನಿದ್ದೆ ತೆಳುವಾಗಿ ಚೂರುಚೂರಾಗುತ್ತದೆ. ಹಾಗಾಗಿ ಸಿಬಿಟಿ-ಐ ಹಾಸಿಗೆಯ ಹೊತ್ತನ್ನೇ ಕತ್ತರಿಸುತ್ತದೆ. ಹಳೆಯ ಸಿಬಿಟಿ-ಐ ಕೋಚ್‌ನಲ್ಲಿ ಇದಕ್ಕೆ ‘ಸ್ಲೀಪ್ ಪ್ರಿಸ್ಕ್ರಿಪ್ಷನ್’ ಎಂದು ಹೆಸರು.

ಲೆಕ್ಕ ಕೈಯಲ್ಲೇ ಮಾಡಿ ನೋಡಿದರೆ ಸಲಹೆ ಯಾಕೆ ಹಾಗಿದೆ ಎಂದು ಅರ್ಥವಾಗುತ್ತದೆ. ಒಬ್ಬರು ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6.30ಕ್ಕೆ ಏಳುತ್ತಾರೆ ಎನ್ನಿ. ಹಾಸಿಗೆಯಲ್ಲಿ 510 ನಿಮಿಷ. ನಿದ್ದೆ ಹತ್ತಲು 75, ನಡುವೆ ಎಚ್ಚರ 60, ಬೆಳಗಿನ ಜಾವ ಎಚ್ಚರವಾಗಿ ಹೊರಳಾಡಿದ್ದು 45. ಉಳಿದ ನಿದ್ದೆ 330 ನಿಮಿಷ, ಅಂದರೆ ಹಾಸಿಗೆಯ ಹೊತ್ತಿನ ಶೇ 65. ಒಂದರಿಂದ ಎರಡು ವಾರದ ಡೈರಿಯಲ್ಲಿ ಸರಾಸರಿ ಹೀಗೇ ಬಂದರೆ, ಹಾಸಿಗೆಯ ಹೊತ್ತನ್ನೂ 330 ನಿಮಿಷಕ್ಕೇ ಇಳಿಸಬೇಕು. ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿಕೊಂಡು ಹಿಂದಕ್ಕೆ ಎಣಿಸಿ: ಏಳುವುದು 6ಕ್ಕೆ, ಮಲಗುವುದು 12.30ಕ್ಕೆ. ಅದಕ್ಕಿಂತ ಮೊದಲು ಹಾಸಿಗೆಯ ಕಡೆ ಹೋಗುವಂತಿಲ್ಲ. ಭಾನುವಾರವೂ 6ಕ್ಕೇ ಏಳಬೇಕು, ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿರಲಿ. ಐದೂವರೆ ಗಂಟೆಗಿಂತ ಕೆಳಗೆ ಇಳಿಸಬೇಡಿ.

ಮುಂದಿನ ವಾರ ಅವರು 330ರಲ್ಲಿ 290 ನಿಮಿಷ ಮಲಗಿದರೆ ಅದು ಶೇ 88. ಶೇ 85 ದಾಟಿದರೆ ಹಾಸಿಗೆಯ ಹೊತ್ತಿಗೆ 15 ನಿಮಿಷ ಸೇರಿಸುವುದು, ಅಂದರೆ ಮಲಗುವುದು 12.15ಕ್ಕೆ. 80ರಿಂದ 85ರ ನಡುವೆ ಇದ್ದರೆ ಹಾಗೇ ಬಿಡುವುದು. 80ಕ್ಕಿಂತ ಕೆಳಗಿದ್ದರೆ 15 ನಿಮಿಷ ಕಳೆಯುವುದು, ಆದರೆ ಐದೂವರೆ ಗಂಟೆಗಿಂತ ಕೆಳಗೆ ಅಲ್ಲ. ಮೊದಲ ವಾರ ಒಟ್ಟು ನಿದ್ದೆ 330ರಿಂದ 290ಕ್ಕೆ ಇಳಿದದ್ದನ್ನು ಗಮನಿಸಿ. ಹಗಲಲ್ಲಿ ತೂಕಡಿಕೆ ಬರುವುದು ಇದಕ್ಕೇ, ಹೆಚ್ಚಿನವರು ಬಿಟ್ಟುಬಿಡುವುದೂ ಹೊತ್ತು ಇಳಿಸಿದ ಮೊದಲ ಎರಡು ವಾರಗಳಲ್ಲೇ. ಆದರೆ ನಿದ್ದೆಯ ಹಸಿವು ಒಟ್ಟುಗೂಡಲು ಆ ತೂಕಡಿಕೆಯೇ ಬೇಕು. ಚಿಕಿತ್ಸೆ ಕೆಲಸ ಮಾಡುತ್ತಿದೆ ಎಂಬುದರ ಗುರುತು ಅದು.

ಇಲ್ಲೇ ಐದು ವಾರದ ಯೋಜನೆಯ ಮಿತಿಯೂ ಕಾಣುತ್ತದೆ. ಐದೂವರೆ ಗಂಟೆಯಿಂದ ಏಳು ಗಂಟೆಗೆ ಏರಲು 90 ನಿಮಿಷ ಸೇರಬೇಕು. ವಾರಕ್ಕೆ 15ರಂತೆ, ಒಂದು ವಾರವೂ ತಪ್ಪದೆ ನಡೆದರೂ, ಆರು ವಾರ. ಮೊದಲ ಡೈರಿಯ ವಾರ ಸೇರಿದರೆ ಏಳು. ತರಬೇತಿ ಮುಗಿದ ಮೇಲೂ ಡೈರಿ ಬಿಡಬೇಡಿ. ಐದನೇ ವಾರದ ಕೊನೆಗೆ ಹಾಸಿಗೆಯ ಹೊತ್ತು ಇನ್ನೂ ಆರೂವರೆ ಗಂಟೆಯಲ್ಲಿದ್ದರೆ ಅದು ಸೋಲಲ್ಲ.

ಹಾಸಿಗೆಯಲ್ಲಿ ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂಪರು ಬಂದಾಗ ಮರಳಿ ಎಂಬುದು ಈ ಚಿಕಿತ್ಸೆಯ ಇನ್ನೊಂದು ಕಾಲು. ‘ಬೇರೆ ಕೋಣೆ’ ಎಂಬ ಮಾತು ಅಮೆರಿಕದ ಮನೆಗೆ ಹೊಂದುವಂಥದ್ದು. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ಮನೆಯಲ್ಲಿ ಅಡುಗೆಮನೆಯ ಸ್ಟೂಲ್, ಇಲ್ಲವೇ ಬಾಗಿಲ ಬಳಿಯ ಕುರ್ಚಿ ಸಾಕು. ಸಣ್ಣ ಬಲ್ಬ್ ಹಾಕಿಕೊಂಡು ಸೊಪ್ಪು ಬಿಡಿಸುವುದೋ, ಬಟ್ಟೆ ಮಡಚುವುದೋ ಮಾಡಿ. ಫೋನ್ ಬೇಡ. ಹಾಸಿಗೆ ನಿದ್ದೆಗೆ ಮಾತ್ರ ಎಂಬ ನಿಯಮದಲ್ಲಿ ನಮಗೆ ಒಂದು ಅನುಕೂಲವಿದೆ: ಚಾಪೆ, ಹಾಸಿಗೆಯನ್ನು ಬೆಳಿಗ್ಗೆ ಸುತ್ತಿಟ್ಟು ರಾತ್ರಿ ಬಿಚ್ಚುವ ರೂಢಿ ಇನ್ನೂ ಇರುವ ಮನೆಯಲ್ಲಿ ಈ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ. ಮಂಚ ಇರುವವರು ಹಗಲು ಅದರ ಮೇಲೆ ಕೂತು ಲ್ಯಾಪ್‌ಟಾಪ್ ತೆರೆಯುವುದನ್ನು ಬಿಡಬೇಕು.

ಆ್ಯಪ್‌ನ ಉಳಿದ ಅಭ್ಯಾಸಗಳು ಪರವಾಗಿಲ್ಲ, ಆದರೆ ಬರೀ ಅವುಗಳಿಂದ ಹಳೆಯ ನಿದ್ರಾಹೀನತೆ ಹೋಗುವುದಿಲ್ಲ. ಕಾಫಿಯ ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ಪಾಲು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಕೊನೆಯ ಲೋಟ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಲಿ.

ಕೊರತೆಗಳಲ್ಲಿ ದೊಡ್ಡದು ಭಾಷೆ. ಕನ್ನಡ ಇಲ್ಲ, ಮತ್ತು ಈ ತೊಂದರೆ ಹೆಚ್ಚಾಗಿ ಕಾಡುವುದು ಇಂಗ್ಲಿಷ್ ಓದದ ಅಮ್ಮ, ಅಜ್ಜಿಯರನ್ನು. ಅದಕ್ಕೆ ಉಪಾಯವಿದೆ. ಮನೆಯ ಒಬ್ಬರು ಆ್ಯಪ್ ಹಿಡಿದುಕೊಂಡು ಬೆಳಗಿನ ಕಾಫಿಯ ಹೊತ್ತಿಗೆ ಕೇಳಲಿ: ‘ಅಮ್ಮಾ, ರಾತ್ರಿ ಎಷ್ಟಕ್ಕೆ ಹಾಸಿಗೆಗೆ ಹೋದೆ? ನಿದ್ದೆ ಮಾಡೋಕೆ ಕಣ್ಣು ಮುಚ್ಚಿದ್ದು ಎಷ್ಟಕ್ಕೆ? ನಿದ್ದೆ ಹತ್ತೋಕೆ ಎಷ್ಟು ಹೊತ್ತಾಯ್ತು? ಮಧ್ಯ ಎಷ್ಟು ಸಲ ಎಚ್ಚರ ಆಯ್ತು, ಎಷ್ಟು ಹೊತ್ತು? ಕೊನೆಗೆ ಎಚ್ಚರ ಆಗಿದ್ದು ಯಾವಾಗ? ಎದ್ದಿದ್ದು ಯಾವಾಗ? ನಿನ್ನೆ ಹಗಲು ಮಲಗಿದ್ಯಾ?’ ಇಷ್ಟಕ್ಕೆ ಎರಡು ನಿಮಿಷ ಸಾಕು. ಆ್ಯಪ್ ಬೇಡವೆಂದರೆ ಹಳೆಯ ನೋಟ್‌ಬುಕ್ಕಿನಲ್ಲಿ ಏಳು ಗೆರೆ ಎಳೆದರೂ ಮೇಲಿನ ಲೆಕ್ಕ ನಡೆಯುತ್ತದೆ.

ಎರಡನೆಯದು ಚಿಕ್ಕದು. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಬಿಗಿಯಾಗಿರುವ ಆಂಡ್ರಾಯ್ಡ್ ಫೋನ್‌ಗಳಲ್ಲಿ ಡೈರಿಯ ನೆನಪೋಲೆ ಬಾರದಿರಬಹುದು. ಈ ಆ್ಯಪ್‌ಗೆ ಆ ನಿರ್ಬಂಧ ತೆಗೆದುಹಾಕಿ. ಮೂರನೆಯದು, ತುರ್ತು ನೆರವಿಗೆಂದು ಅದರಲ್ಲಿರುವ ಫೋನ್ ನಂಬರ್‌ಗಳು ಅಮೆರಿಕದವು, ಇಲ್ಲಿ ಪ್ರಯೋಜನಕ್ಕೆ ಬಾರವು. ನಿದ್ದೆಯಿಲ್ಲದೆ ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೆಲವರು ಇದನ್ನು ಒಬ್ಬರೇ ಮಾಡಲೇಬಾರದು. ಮನಸ್ಸು ಅತಿ ಹುಮ್ಮಸ್ಸು, ಖಿನ್ನತೆಗಳ ನಡುವೆ ತೂಗುವ ಬೈಪೋಲಾರ್ ಕಾಯಿಲೆ ಇರುವವರಲ್ಲಿ ನಿದ್ದೆ ಕತ್ತರಿಸಿದರೆ ಉನ್ಮಾದ ಕೆರಳಬಹುದು, ಮೂರ್ಛೆರೋಗ ಇರುವವರಲ್ಲಿ ಫಿಟ್ಸ್ ಬರಬಹುದು. ಲಾರಿ, ಬಸ್ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು ವೈದ್ಯರ ಜೊತೆ ಮಾತಾಡದೆ ಹಾಸಿಗೆಯ ಹೊತ್ತು ಇಳಿಸಬಾರದು. ಸ್ಕೂಟರ್ ಓಡಿಸುವವರೂ ಮೊದಲ ಎರಡು ವಾರ ತೂಕಡಿಕೆ ಇದ್ದ ದಿನ ಬಸ್ ಹಿಡಿಯಲಿ. ಎಳೆಗೂಸಿನ ತಾಯಂದಿರಿಗೆ, ವಾರಕ್ಕೊಮ್ಮೆ ಪಾಳಿ ಬದಲಾಗುವವರಿಗೆ ಏಳುವ ಹೊತ್ತು ಒಂದೇ ಇರಲು ಸಾಧ್ಯವಿಲ್ಲವಾದ್ದರಿಂದ ಲೆಕ್ಕವೇ ನಿಲ್ಲುವುದಿಲ್ಲ. ಆಲ್ಪ್ರಜೋಲಮ್, ಕ್ಲೋನಜೆಪಮ್‌ನಂಥ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುತ್ತಿರುವವರು ಆ್ಯಪ್ ಶುರುಮಾಡಿದ ಉತ್ಸಾಹದಲ್ಲಿ ಅದನ್ನು ಥಟ್ಟನೆ ನಿಲ್ಲಿಸಬೇಡಿ. ನಿದ್ದೆ ಮೊದಲಿಗಿಂತ ಕೆಡುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಬರೆದುಕೊಟ್ಟ ವೈದ್ಯರೇ ಡೋಸ್ ಹಂತಹಂತವಾಗಿ ಇಳಿಸಬೇಕು.

ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿ ಗಕ್ಕನೆ ಎಚ್ಚರ, ಎಂಟು ಗಂಟೆ ಮಲಗಿದರೂ ಹಗಲು ಕಣ್ಣೆಳೆಯುವುದು, ಬೆಳಿಗ್ಗೆ ತಲೆನೋವು: ಇವು ನಿದ್ದೆಯಲ್ಲಿ ಉಸಿರು ಮತ್ತೆಮತ್ತೆ ನಿಲ್ಲುವ ಸ್ಲೀಪ್ ಅಪ್ನಿಯಾ ಎಂಬ ಕಾಯಿಲೆಯ ಸೂಚನೆ. ಅದಕ್ಕೆ ಒಂದು ರಾತ್ರಿಯ ಸ್ಲೀಪ್ ಸ್ಟಡಿ (ನಿದ್ದೆಯ ಪರೀಕ್ಷೆ) ಬೇಕು, ಡೈರಿ ಸಾಲದು. ಗೊರಕೆ ಹೊಡೆಯುವವರಿಗೆ ತಮ್ಮ ಉಸಿರು ನಿಲ್ಲುವುದು ಗೊತ್ತಾಗುವುದಿಲ್ಲ. ಆ್ಯಪ್ ಹಾಕಿಕೊಳ್ಳುವ ಮೊದಲು ಪಕ್ಕದಲ್ಲಿ ಮಲಗುವವರನ್ನು ಒಮ್ಮೆ ಕೇಳಿ ನೋಡಿ.