ಕಾರ್ಡ್ ಸಾಲ: ಪೂರ್ತಿ ಕಟ್ಟೋದಾ, ಸೆಟಲ್‌ಮೆಂಟ್ ಮಾಡಿಕೊಳ್ಳೋದಾ?

ಬಾಕಿ 1,00,000 ಇದೆ, ಬ್ಯಾಂಕ್ 60,000ಕ್ಕೆ ಮುಗಿಸೋಣ ಅನ್ನುತ್ತದೆ ಎಂದುಕೊಳ್ಳಿ. 40,000 ಉಳಿಯಿತಲ್ಲ ಎಂದು ಖುಷಿಯಾಗುವುದು ಸಹಜ. ಆದರೆ ಕ್ರೆಡಿಟ್ ರಿಪೋರ್ಟ್ (ನೀವು ಸಾಲಗಳನ್ನು ಹೇಗೆ ಕಟ್ಟಿದ್ದೀರಿ ಎಂಬ ದಾಖಲೆ) ಅದನ್ನು ಬೇರೆ ಥರ ನೋಡುತ್ತದೆ.

ಪೂರ್ತಿ ಕಟ್ಟಿ ಕಾರ್ಡ್ ಮುಚ್ಚಿದರೆ ಖಾತೆ ‘ಕ್ಲೋಸ್ಡ್’ ಆಗುತ್ತದೆ. ಹಿಂದೆ ತಡವಾಗಿ ಕಟ್ಟಿದ್ದರ ಗುರುತು ಮಾತ್ರ ಕೆಲವು ವರ್ಷ ಉಳಿಯುತ್ತದೆ.

ಸೆಟಲ್‌ಮೆಂಟ್‌ನಲ್ಲೂ ಬಾಕಿ ಸೊನ್ನೆಯೇ. ಆದರೆ ‘ಸೆಟಲ್ಡ್’ ಎಂದು ಬೀಳುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ, ಇವರು ಒಪ್ಪಿದಷ್ಟು ಕಟ್ಟಲಿಲ್ಲ ಎಂದೇ ಅದನ್ನು ಓದುತ್ತಾರೆ. ಅನೇಕ ದೇಶಗಳಲ್ಲಿ ಈ ಗುರುತು 6-7 ವರ್ಷ ಇರುತ್ತದೆ. ಇನ್ನೊಂದು ವಿಷಯ: ಬ್ಯಾಂಕ್ ಸಾಮಾನ್ಯವಾಗಿ ಈ ಮಾತಿಗೆ ಬರುವುದೇ ಕೆಲವು ತಿಂಗಳು ಕಂತು ತಪ್ಪಿದ ಮೇಲೆ. ಅಷ್ಟರಲ್ಲಿ ಕ್ರೆಡಿಟ್ ಸ್ಕೋರ್, ಅಂದರೆ ಆ ದಾಖಲೆ ನೋಡಿ ಕೊಡುವ ಅಂಕ, ಜಾಸ್ತಿಯೇ ಇಳಿದಿರುತ್ತದೆ.

ಸುಮ್ನೆ ಬಿಟ್ಟುಬಿಡುವುದು ಎರಡಕ್ಕಿಂತ ಕೆಟ್ಟದ್ದು. ಬಡ್ಡಿ ಬೆಳೆಯುತ್ತದೆ, ವಸೂಲಿಯವರು ಬರುತ್ತಾರೆ, ಕೋರ್ಟಿಗೂ ಹೋಗಬಹುದು.

ನನ್ನ ಮಟ್ಟಿಗೆ, ಸ್ವಲ್ಪವಾದರೂ ಆದಾಯ ಇದ್ದರೆ ಮೊದಲು ಬಡ್ಡಿ ಇಳಿಸಿ ಕಂತು ಮಾಡಿಕೊಡಿ ಎಂದು ಕೇಳಿ. ನಿಜಕ್ಕೂ ಕೈಲಾಗದಿದ್ದರೆ ಸೆಟಲ್‌ಮೆಂಟ್‌ಗೆ ಹಿಂಜರಿಯಬೇಡಿ. ಹಣ ಕೊಡುವ ಮೊದಲು ಒಪ್ಪಂದ ಬರವಣಿಗೆಯಲ್ಲಿ ಕೈಗೆ ಬರಲಿ. ಒಂದೆರಡು ತಿಂಗಳ ನಂತರ ರಿಪೋರ್ಟ್ ತೆಗೆಸಿ, ಬಾಕಿ ಸೊನ್ನೆ ಎಂದಿದೆಯಾ ನೋಡಿ. ಇಲ್ಲದಿದ್ದರೆ ಆ ಪತ್ರ ಜೋಡಿಸಿ ತಿದ್ದುಪಡಿಗೆ ಅರ್ಜಿ ಹಾಕಿ.